ಹಂದಿಗೂಡು, ಲಾಯ, ತಿಪ್ಪೆ: ಕೊಳಕು ಜಾಗಗಳಿಗೆ ಇಂಗ್ಲಿಷಿನ ಹೋಲಿಕೆಯ ಮಾತುಗಳು

ಈ ತಿಂಗಳ ಭಾಷಾ ಅಂಕಣಕ್ಕೆ ಜಮಖಂಡಿಯಿಂದ ಒಂದು ಪತ್ರ ಬಂದಿತ್ತು. ಅದನ್ನು ವಿಜಯಪುರದ ನಮ್ಮ ಓದುಗರ ಕೂಟದಲ್ಲಿ ಓದಿದಾಗ, ಅದೇ ಜಾಡಿನಲ್ಲಿ ಇನ್ನೂ ಕೆಲವರು ಪ್ರಶ್ನೆಗಳನ್ನು ಬರೆದುಕೊಟ್ಟರು. ಎಲ್ಲವೂ ಹೊಲಸು, ಹರವು, ಅಸ್ತವ್ಯಸ್ತತೆಗಳನ್ನು ಬಣ್ಣಿಸುವ ಇಂಗ್ಲಿಷ್ ಮಾತುಗಳಿಗೆ ಸಂಬಂಧಿಸಿದವಾದ್ದರಿಂದ ಈ ಸಲದ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗ ಬೆಳಗಾವಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾನೆ. ಕೋಣೆ ನೋಡಲು ಬಂದ ವಾರ್ಡನ್ನರು ‘ದಿಸ್ ರೂಮ್ ಈಸ್ ಎ ಪಿಗ್‌ಸ್ಟೈ’ ಎಂದರಂತೆ. ತಮ್ಮನ್ನು ಹಂದಿಗಳೆಂದು ಬೈದರೆಂದು ತಿಳಿದು ಹುಡುಗರು ಅಂದು ರಾತ್ರಿ ಊಟ ಬಿಟ್ಟರು. ಮಗ ಫೋನಿನಲ್ಲಿ ಬಹಳ ನೊಂದುಕೊಂಡು ಮಾತನಾಡಿದ. ನಿಜವಾಗಿಯೂ ಅದು ಅಷ್ಟು ದೊಡ್ಡ ಬೈಗುಳವೇ?
ಗೃಹಿಣಿ, ಜಮಖಂಡಿ

ಉತ್ತರ: ತಾಯಿ, ತಮ್ಮ ಮಗ ನೊಂದುಕೊಂಡದ್ದು ಸಹಜವೇ. ಆದರೆ ಆ ಮಾತು ಇಂಗ್ಲಿಷಿನಲ್ಲಿ ಹೇಳಿದವರ ಬಾಯಲ್ಲಿ ಒಂದು ತೂಕದ್ದಾಗಿದ್ದು, ಕನ್ನಡದ ಕಿವಿಗೆ ಬೀಳುವಾಗ ಇನ್ನೊಂದು ತೂಕದ್ದಾಗುತ್ತದೆ. ‘ಪಿಗ್‌ಸ್ಟೈ’ ಎಂದರೆ ಹಂದಿಗಳನ್ನು ಕೂಡಿಹಾಕುವ ಗೂಡು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಬಡ ಕುಟುಂಬವೂ ಹಿತ್ತಿಲಲ್ಲಿ ಒಂದು ಹಂದಿಯನ್ನು ಸಾಕಿಕೊಂಡು, ಅಡುಗೆಮನೆಯಲ್ಲಿ ಉಳಿದದ್ದನ್ನು ಅದಕ್ಕೆ ಹಾಕಿ ಬೆಳೆಸುವ ರೂಢಿ ಬಹುಕಾಲ ಇತ್ತು. ಹಾಗಾಗಿ ಮನೆಯ ಹಿಂದಿನ ಆ ಇಕ್ಕಟ್ಟಾದ, ಕೆಸರು ತುಂಬಿದ ಗೂಡು ಎಲ್ಲರೂ ದಿನವೂ ನೋಡುವ ಚಿತ್ರವಾಗಿತ್ತು. ಅಲ್ಲಿಯ ತಾಯಂದಿರು ಮಕ್ಕಳ ಕೋಣೆಯಲ್ಲಿ ಬಟ್ಟೆ, ಪುಸ್ತಕ, ಎಂಜಲು ತಟ್ಟೆಗಳೆಲ್ಲ ಹರವಿ ಬಿದ್ದಿರುವುದನ್ನು ಕಂಡಾಗ ಇಂದಿಗೂ ಇದೇ ಮಾತನ್ನಾಡುತ್ತಾರೆ. ಬೈಗುಳ ಕೋಣೆಗೆ ತಗಲುತ್ತದೆಯೇ ಹೊರತು ಅದರಲ್ಲಿರುವವರಿಗೆ ನೇರವಾಗಿ ತಗಲುವುದಿಲ್ಲ.

ನಮ್ಮ ಕಡೆಗೆ ಇದಕ್ಕೆ ಸರಿದೂಗುವ ಮಾತು ‘ಹಂದಿಗೂಡು’ ಅಲ್ಲ, ‘ದನದ ಕೊಟ್ಟಿಗೆ’. ವಿಜಯಪುರ, ಬಾಗಲಕೋಟೆಯ ಹಳೆಯ ಮನೆಗಳನ್ನು ನೋಡಿದವರಿಗೆ ಗೊತ್ತು: ತಲೆಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನಗಳನ್ನು ಕಟ್ಟುತ್ತಿದ್ದರು, ಅದೇ ಸೂರಿನಡಿ ಎತ್ತರದ ಪಡಸಾಲೆಯಲ್ಲಿ ಮನೆಯವರು ಇರುತ್ತಿದ್ದರು. ಕೊಟ್ಟಿಗೆ ಮನೆಯದೇ ಒಂದು ಭಾಗವಾಗಿದ್ದುದರಿಂದ ‘ಏನ್ರೋ ಇದು, ಖೋಲಿ ದನದ ಕೊಟ್ಟಿಗಿ ಮಾಡಿಟ್ಟೀರಿ’ ಎಂಬ ಅಜ್ಜಿಯ ಮಾತಿನಿಂದ ಯಾರಿಗೂ ಅವಮಾನವಾಗುತ್ತಿರಲಿಲ್ಲ. ಹಂದಿಯ ವಿಷಯ ಹಾಗಲ್ಲ. ನಮ್ಮ ಬಹುಪಾಲು ಮನೆಗಳಲ್ಲಿ ಹಂದಿಯನ್ನು ಸಾಕುವ ರೂಢಿ ಇರಲಿಲ್ಲ. ಅದು ಓಣಿಯ ಗಟಾರಿನ ಪಕ್ಕ ಅಲೆಯುವ ಪ್ರಾಣಿಯಾಗಿಯೇ ನಮಗೆ ಪರಿಚಿತ. ಅದರ ಹೆಸರು ಕನ್ನಡದಲ್ಲಿ ಬಂದೊಡನೆ ಮನಸ್ಸು ಗೂಡಿನತ್ತ ಹೋಗದೆ ಪ್ರಾಣಿಯತ್ತಲೇ ಹೋಗುತ್ತದೆ, ಅಲ್ಲಿಂದ ಬೈಸಿಕೊಂಡವನತ್ತ ಬರುತ್ತದೆ. ಹುಡುಗರು ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಂಡರು, ತಿರುಗುವಾಗ ಅದರ ಮೊನೆ ಹರಿತವಾಯಿತು.

ವ್ಯಾಕರಣದ ಒಂದು ಸೂಕ್ಷ್ಮವನ್ನೂ ತಾವು ಗಮನಿಸಬೇಕು. ಇಂಗ್ಲಿಷಿನವರು ‘ಕೋಣೆ ಹಂದಿಗೂಡು’ ಎಂದು ಕೋಣೆಯನ್ನೇ ಕರ್ತೃವಾಗಿಸಿ ಹೇಳುತ್ತಾರೆ. ನಾವು ‘ಕೊಟ್ಟಿಗೆ ಮಾಡಿಟ್ಟಿದ್ದೀರಿ’, ‘ತಿಪ್ಪೆ ಮಾಡಿದ್ದೀರಿ’ ಎಂದು ಮಾಡಿದವರನ್ನು ಹಿಡಿದು ಹೇಳುತ್ತೇವೆ. ಆದ್ದರಿಂದ ಹೊಲಸಿನ ಬಗೆಗಿನ ಯಾವುದೇ ಮಾತು ತನ್ನತ್ತಲೇ ಬೆರಳು ತೋರಿಸುತ್ತಿದೆ ಎಂದು ತಿಳಿಯುವುದು ನಮ್ಮ ಕಿವಿಗೆ ಅಭ್ಯಾಸವಾಗಿಬಿಟ್ಟಿದೆ. ಹಾಗೆಂದು ಆ ವಾರ್ಡನ್ನರ ಮಾತು ಸರಿಯಾಗಿತ್ತೆಂದು ನಾನು ಹೇಳುವುದಿಲ್ಲ. ಎಲ್ಲರ ಮನೆಮಾತೂ ಕನ್ನಡವೇ ಆಗಿರುವ ಕಡೆ ‘ಖೋಲಿ ಬಹಳ ಹೊಲಸಾಗಿದೆ, ಸಂಜೆಯೊಳಗೆ ಸ್ವಚ್ಛ ಮಾಡಿರಿ’ ಎಂದಿದ್ದರೆ ಹುಡುಗರು ಊಟವನ್ನೂ ಮಾಡುತ್ತಿದ್ದರು, ಕಸವನ್ನೂ ಗುಡಿಸುತ್ತಿದ್ದರು.

ಇನ್ನು, ಈ ಹೋಲಿಕೆಯಲ್ಲಿ ಹಂದಿಗೆ ಅನ್ಯಾಯವಾಗಿದೆ ಎಂಬುದನ್ನೂ ತಮ್ಮ ಮಗನಿಗೆ ಹೇಳಿರಿ. ಸಾಕಷ್ಟು ಜಾಗ ಸಿಕ್ಕರೆ ಹಂದಿ ತಾನು ಮಲಗುವ ಕಡೆ ಹೊಲಸು ಮಾಡುವುದಿಲ್ಲ. ಅದಕ್ಕಾಗಿ ದೂರದ ಮೂಲೆಯೊಂದನ್ನು ಆರಿಸಿಕೊಳ್ಳುತ್ತದೆ. ಬೆವರಿನಿಂದ ಮೈ ತಣಿಸಿಕೊಳ್ಳುವ ಶಕ್ತಿ ಅದಕ್ಕೆ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ಬಿಸಿಲಿನಲ್ಲಿ ಕೆಸರಿನಲ್ಲಿ ಹೊರಳುತ್ತದೆ. ಗೂಡು ಹೊಲಸಾದದ್ದು ಅದನ್ನು ಕಟ್ಟಿದವರು ಇಕ್ಕಟ್ಟಾಗಿ ಕಟ್ಟಿದ್ದರಿಂದ.

ಪ್ರಶ್ನೆ: ಆಡಳಿತದ ಭ್ರಷ್ಟಾಚಾರವನ್ನು ಕುರಿತ ಇಂಗ್ಲಿಷ್ ಸಂಪಾದಕೀಯವೊಂದರಲ್ಲಿ ‘ಕ್ಲೀನಿಂಗ್ ದಿ ಆಜಿಯನ್ ಸ್ಟೇಬಲ್ಸ್’ ಎಂಬ ಮಾತು ಬಂದಿತ್ತು. ವಿದ್ಯಾರ್ಥಿಗಳು ಅರ್ಥ ಕೇಳಿದಾಗ ‘ಕುದುರೆ ಲಾಯ ತೊಳೆಯುವುದು’ ಎಂದಷ್ಟೇ ಹೇಳಿದೆ. ಇದರ ಹಿಂದಿನ ಕಥೆಯನ್ನೂ ಕನ್ನಡದ ಸಮಾನ ಪದವನ್ನೂ ತಿಳಿಸಿರಿ.
ಉಪನ್ಯಾಸಕರು, ತಾಳಿಕೋಟೆ

ಉತ್ತರ: ಇದು ಗ್ರೀಕ್ ಪುರಾಣದಿಂದ ಬಂದ ಮಾತು. ದಕ್ಷಿಣ ಗ್ರೀಸಿನ ಎಲಿಸ್ ಎಂಬ ನಾಡಿನ ಅರಸ ಆಜಿಯಸ್. ಅವನಲ್ಲಿ 3000 ದನಗಳಿದ್ದವು, ಅವುಗಳ ಕೊಟ್ಟಿಗೆಯನ್ನು 30 ವರ್ಷ ಯಾರೂ ಸ್ವಚ್ಛ ಮಾಡಿರಲಿಲ್ಲ ಎಂದು ಕಥೆ ಹೇಳುತ್ತದೆ. ಹೆರಾಕ್ಲಿಸ್ ಎಂಬ ವೀರನಿಗೆ ವಿಧಿಸಲಾಗಿದ್ದ ಹನ್ನೆರಡು ಕಠಿಣ ಕೆಲಸಗಳಲ್ಲಿ ಆ ಕೊಟ್ಟಿಗೆಯನ್ನು ಒಂದೇ ದಿನದಲ್ಲಿ ಶುಚಿಗೊಳಿಸುವುದೂ ಒಂದು. ಸಲಿಕೆ ಬುಟ್ಟಿಗಳಿಂದ ಆಗುವ ಕೆಲಸ ಅದಲ್ಲವೆಂದು ಕಂಡ ಅವನು ಗೋಡೆಯನ್ನು ಒಡೆದು, ಆಲ್ಫಿಯಸ್ ಮತ್ತು ಪೆನಿಯಸ್ ಎಂಬ ಎರಡು ನದಿಗಳ ನೀರನ್ನು ಒಳಗೆ ಹರಿಸಿ, ಮೂವತ್ತು ವರ್ಷಗಳ ಸಗಣಿಯನ್ನು ಸೂರ್ಯ ಮುಳುಗುವುದರೊಳಗೆ ಕೊಚ್ಚಿ ಹಾಕಿದನು. ದನಗಳಲ್ಲಿ ಹತ್ತನೆಯ ಒಂದು ಪಾಲನ್ನು ಕೂಲಿಯಾಗಿ ಕೊಡುವೆನೆಂದಿದ್ದ ಆಜಿಯಸ್ ಮಾತ್ರ ಕೆಲಸ ಮುಗಿದ ಮೇಲೆ ಕೊಟ್ಟ ಮಾತಿಗೆ ತಪ್ಪಿದನು.

‘ಸ್ಟೇಬಲ್’ ಎಂಬುದಕ್ಕೆ ಇಂದಿನ ಇಂಗ್ಲಿಷಿನಲ್ಲಿ ಕುದುರೆ ಲಾಯವೆಂಬ ಅರ್ಥವೇ ಮುಂದಾಗಿರುವುದರಿಂದ ತಾವು ಹಾಗೆ ಹೇಳಿರಬೇಕು. ಕಥೆಯಲ್ಲಿರುವುದು ದನಗಳಾದ್ದರಿಂದ ಕನ್ನಡದಲ್ಲಿ ‘ಕೊಟ್ಟಿಗೆ’ ಎನ್ನುವುದೇ ಸರಿ. ಆದರೆ ನಮ್ಮ ‘ದನದ ಕೊಟ್ಟಿಗೆ’ಯ ಬೈಗುಳಕ್ಕೂ ಈ ಮಾತಿಗೂ ಇರುವ ಅಂತರವನ್ನು ವಿದ್ಯಾರ್ಥಿಗಳಿಗೆ ತಿಳಿಸಲೇಬೇಕು. ಮಗನ ಖೋಲಿಯನ್ನು ಯಾರೂ ‘ಆಜಿಯನ್ ಸ್ಟೇಬಲ್’ ಎನ್ನುವುದಿಲ್ಲ. ಅದು ಬರಹದ ಮಾತು, ಓದಿದವರ ಮಾತು. ವರ್ಷಗಟ್ಟಲೆ ಅಲಕ್ಷ್ಯದಿಂದ ಕೂಡಿಬಿದ್ದ, ಚೂರುಪಾರು ಗುಡಿಸುವುದರಿಂದ ಹೋಗದ, ಒಮ್ಮೆಲೇ ಬಲವಾಗಿ ಕೈಹಾಕಬೇಕಾದ ಕೊಳೆಗೆ ಅದು ಸಲ್ಲುತ್ತದೆ; ಬಹಳ ಸಲ ಆ ಕೊಳೆ ಕಣ್ಣಿಗೆ ಕಾಣುವಂಥದ್ದಲ್ಲ, ಲಂಚ, ಪಕ್ಷಪಾತಗಳಂಥದ್ದು.

ಒಂದೇ ಪದದ ಸಮಾನಾರ್ಥ ಕನ್ನಡದಲ್ಲಿ ಹುಡುಕುವ ಬದಲು ‘ವರ್ಷಗಳಿಂದ ತುಂಬಿದ ಹೂಳೆತ್ತುವುದು’ ಎಂದರೆ ಅರ್ಥ ಕೂಡಿಬರುತ್ತದೆಂದು ನನ್ನ ಅಭಿಪ್ರಾಯ. ಕೆರೆ ಬಾವಿಗಳ ನಾಡಿನವರಾದ ನಮಗೆ ಹೂಳಿನ ಚಿತ್ರ ಚೆನ್ನಾಗಿ ಗೊತ್ತು. 1620ರಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ ಕಟ್ಟಿದ ವಿಜಯಪುರದ ತಾಜ್ ಬಾವಡಿ ಎಷ್ಟೋ ಕಾಲ ಕಸಕ್ಕೂ ವಿಗ್ರಹ ವಿಸರ್ಜನೆಗೂ ಗುರಿಯಾಗಿ ನಾರುತ್ತಿತ್ತು. ಕೆಲವು ವರ್ಷಗಳ ಹಿಂದೆ ನೀರು ಖಾಲಿ ಮಾಡಿ, ಹೂಳೆತ್ತಿ, ಅದನ್ನು ಸ್ವಚ್ಛಗೊಳಿಸಿದಾಗ ಒಳಗಿನ ಮೆಟ್ಟಿಲುಗಳನ್ನು ನೋಡಲು ಊರ ಜನ ಹೋಗುತ್ತಿದ್ದರು. ಆ ಕೆಲಸವನ್ನು ಕಂಡ ಹುಡುಗರಿಗೆ ಆಜಿಯಸನ ಕಥೆ ಬೇಗ ಅರ್ಥವಾಗುತ್ತದೆ.

ಹೊರಗಿನ ಕೊಳೆಯಿಂದ ಒಳಗಿನ ಕೊಳೆಯನ್ನು ಸೂಚಿಸುವ ಕ್ರಮ ಕನ್ನಡಕ್ಕೆ ಹೊಸದೇನೂ ಅಲ್ಲ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಹೊಸ್ತಿಲಲ್ಲಿ ಹುಲ್ಲು ಬೆಳೆದ, ಒಳಗೆ ಧೂಳು ತುಂಬಿದ ಮನೆಯನ್ನು ತೋರಿಸಿ, ಮನೆಯಲ್ಲಿ ಮನೆಯ ಒಡೆಯನಿದ್ದಾನೋ ಇಲ್ಲವೋ ಎಂದು ಕೇಳಿದ ವಚನ ತಮಗೆ ನೆನಪಿರಬಹುದು. ಆ ಮನೆ ಮನುಷ್ಯನೇ, ಆ ಧೂಳು ಅವನ ಹುಸಿಯೇ. ಗ್ರೀಕ್ ಕಥೆಯಲ್ಲಿ ಹೊರಗಿನಿಂದ ಒಬ್ಬ ವೀರ ಬಂದು ತೊಳೆಯುತ್ತಾನೆ. ವಚನದಲ್ಲಿ ಒಡೆಯನೇ ಮನೆಯಲ್ಲಿರಬೇಕು. ತರಗತಿಯಲ್ಲಿ ಇವೆರಡನ್ನೂ ಜೊತೆಗಿಟ್ಟು ಪಾಠ ಹೇಳಿದರೆ ಒಂದು ಅವಧಿ ಪೂರ್ತಿ ಸಾರ್ಥಕವಾಗುತ್ತದೆ.

ಪ್ರಶ್ನೆ: ‘ಶ್ಯಾಂಬಲ್ಸ್’ ಎಂಬುದು ಏಕವಚನವೋ ಬಹುವಚನವೋ? ಹಾಗೆಯೇ, ನಾವು ಊಟ ಮಾಡುವ ‘ಮೆಸ್’ಗೂ ಗಲೀಜು ಎಂಬರ್ಥದ ‘ಮೆಸ್’ಗೂ ಸಂಬಂಧವಿದೆಯೇ?
ಬಿ.ಎ. ವಿದ್ಯಾರ್ಥಿ, ಗೋಕಾಕ

ಉತ್ತರ: ರೂಪದಲ್ಲಿ ಬಹುವಚನ, ಬಳಕೆಯಲ್ಲಿ ಏಕವಚನ. ‘ದಿ ಹೌಸ್ ಈಸ್ ಎ ಶ್ಯಾಂಬಲ್ಸ್’ ಎಂದೇ ಬರೆಯಬೇಕು. ಹಳೆಯ ಇಂಗ್ಲಿಷಿನಲ್ಲಿ ಇದರ ಮೂಲ ರೂಪಕ್ಕೆ ಸಣ್ಣ ಪೀಠ, ಮಣೆ ಎಂಬ ಅರ್ಥವಿತ್ತು. ಅದು ಮಾಂಸ ಮಾರುವವರು ಸರಕನ್ನಿಡುವ ಹಲಗೆಯಾಯಿತು, ಹಲಗೆಗಳ ಸಾಲಿನಿಂದ ಮಾಂಸದ ಪೇಟೆಯಾಯಿತು, ಅಲ್ಲಿಂದ ಕಸಾಯಿಖಾನೆ, ಆಮೇಲೆ ರಕ್ತಪಾತ ನಡೆದ ಸ್ಥಳ, ಕೊನೆಗೆ ಇಪ್ಪತ್ತನೆಯ ಶತಮಾನದಲ್ಲಿ ಬರಿಯ ಅಸ್ತವ್ಯಸ್ತತೆ. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ‘ದಿ ಶ್ಯಾಂಬಲ್ಸ್’ ಎಂಬ ಇಕ್ಕಟ್ಟಾದ ಬೀದಿ ಇಂದಿಗೂ ಇದೆ. ಎರಡೂ ಬದಿಯ ಮರದ ಮನೆಗಳು ಬೀದಿಯ ಮೇಲೆ ಬಾಗಿಕೊಂಡಿರುವ ಆ ಸಾಲಿನಲ್ಲಿ ಮಾಂಸ ತೂಗುಹಾಕುತ್ತಿದ್ದ ಕೊಕ್ಕೆಗಳನ್ನು ಕೆಲವು ಅಂಗಡಿಗಳ ಮುಂದೆ ಈಗಲೂ ಕಾಣಬಹುದು. ರಕ್ತದ ನೆನಪು ಪೂರ್ತಿ ಅಳಿದುಹೋಗಿರುವುದರಿಂದ ಇಂದು ಯೋಜನೆಯೊಂದು ಕೆಟ್ಟುಹೋದರೂ ‘ಶ್ಯಾಂಬಲ್ಸ್’ ಎನ್ನುತ್ತಾರೆ. ಕನ್ನಡದಲ್ಲಿ ‘ರಣರಂಗ ಮಾಡಿಟ್ಟಿದ್ದಾರೆ’, ‘ಕುರುಕ್ಷೇತ್ರವಾಗಿದೆ’ ಎನ್ನುವ ಮಾತುಗಳು ಇದಕ್ಕೆ ಹತ್ತಿರ. ಅಲ್ಲಿಯೂ ಯುದ್ಧದ ನೆತ್ತರು ಒಣಗಿ, ಚೆಲ್ಲಾಪಿಲ್ಲಿಯಾದ ಸಾಮಾನುಗಳಷ್ಟೇ ಉಳಿದಿವೆ.

ಎರಡು ‘ಮೆಸ್’ಗಳೂ ಒಂದೇ. ಹಳೆಯ ಫ್ರೆಂಚಿನಿಂದ ಬಂದ ಈ ಪದಕ್ಕೆ ಮೊದಲು ಇದ್ದುದು ಮೇಜಿನ ಮೇಲೆ ಬಡಿಸಿಟ್ಟ ತಿನಿಸು ಎಂಬ ಅರ್ಥ. ಒಟ್ಟಿಗೆ ಕುಳಿತು ಉಣ್ಣುವ ಗುಂಪಿಗೂ ಅದೇ ಹೆಸರಾಯಿತು, ಸೈನಿಕರ ಮೆಸ್, ನಮ್ಮ ಹಾಸ್ಟೆಲುಗಳ ಮೆಸ್ ಆ ದಾರಿಯಿಂದ ಬಂದವು. ಇನ್ನೊಂದು ದಾರಿಯಲ್ಲಿ ಅದು ಕಲಸಿದ ಊಟವಾಗಿ, ಕಲಸುಮೇಲೋಗರವಾಗಿ, ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಗಲೀಜು ಎಂಬ ಅರ್ಥಕ್ಕೆ ಬಂದು ನಿಂತಿತು. ಕನ್ನಡದ ‘ಕಲಸುಮೇಲೋಗರ’ವೂ ಊಟದ ಎಲೆಯಿಂದಲೇ ಎದ್ದು ಗೊಂದಲದ ಹೆಸರಾಯಿತಲ್ಲವೇ? ಎರಡು ಭಾಷೆಗಳು ಒಂದನ್ನೊಂದು ಕೇಳದೆಯೇ ಒಂದೇ ದಾರಿ ನಡೆದಿರುವುದನ್ನು ಕಂಡಾಗ ನನಗೆ ಬಹಳ ಸಂತೋಷವಾಗುತ್ತದೆ.

ಪ್ರಶ್ನೆ: ನಾನು ಮಕ್ಕಳ ಕಥೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಇಟ್ ಲುಕ್ಸ್ ಲೈಕ್ ಎ ಬಾಂಬ್ ಹ್ಯಾಸ್ ಹಿಟ್ ಇಟ್’ ಎಂದು ತಾಯಿ ಮಗಳ ಕೋಣೆಯನ್ನು ನೋಡಿ ಹೇಳುವ ವಾಕ್ಯವನ್ನು ‘ಬಾಂಬು ಬಿದ್ದಂತಿದೆ’ ಎಂದು ಇಡಲೇ, ‘ಹಾಳು ಹಂಪೆಯಂತಿದೆ’ ಎಂದು ಬರೆಯಲೇ?
ಅನುವಾದಕಿ, ಅಥಣಿ

ಉತ್ತರ: ಎರಡನ್ನೂ ಬಿಡಿರೆಂದು ನನ್ನ ಸಲಹೆ. ಮೊದಲನೆಯದಕ್ಕೆ ಕಾರಣ: ಬಾಂಬು ಬಿದ್ದ ಮನೆ ಬ್ರಿಟನ್ನಿನವರ ಕಣ್ಣಾರೆ ಕಂಡ ಚಿತ್ರ. 1940ರ ಸೆಪ್ಟೆಂಬರಿನಿಂದ 1941ರ ಮೇ ತಿಂಗಳವರೆಗೆ ಜರ್ಮನಿಯ ವಿಮಾನಗಳು ಲಂಡನ್ ಮತ್ತು ಇತರ ನಗರಗಳ ಮೇಲೆ ಬಾಂಬು ಸುರಿಸಿದವು, ಯುದ್ಧ ಮುಗಿದು ವರ್ಷಗಳಾದರೂ ಓಣಿಗಳ ನಡುವೆ ಕುಸಿದ ಮನೆಗಳ ಖಾಲಿ ಜಾಗಗಳು ಉಳಿದಿದ್ದವು, ಮಕ್ಕಳು ಅಲ್ಲಿಯೇ ಆಡಿ ಬೆಳೆದರು. ‘ಬಾಂಬ್‌ಸೈಟ್’ ಎಂಬ ಮಾತು ಮನೆಯ ಮಾತಾದದ್ದು ಹಾಗೆ. ಅಥಣಿಯ ತಾಯಿಯೊಬ್ಬಳ ಬಾಯಲ್ಲಿ ಅದು ಎರವಲು ಮಾತಿನಂತೆ ಕೇಳಿಸುತ್ತದೆ.

‘ಹಾಳು ಹಂಪೆ’ ನಮ್ಮದೇ ಇತಿಹಾಸದ ಮಾತು. 1565ರಲ್ಲಿ ತಾಳಿಕೋಟೆಯ ಹೆಸರಿನಿಂದ ಕರೆಯುವ ಯುದ್ಧ ನಡೆದ ಮೇಲೆ ಸೂರೆಯಾಗಿ ಪಾಳುಬಿದ್ದ ರಾಜಧಾನಿಯ ನೆನಪು ಅದರಲ್ಲಿದೆ. ಆದರೆ ಅದು ಜನ ಬಿಟ್ಟುಹೋದ, ಬಿಕೋ ಎನ್ನುವ ಜಾಗಕ್ಕೆ ಸಲ್ಲುತ್ತದೆ. ಆಟಿಕೆ, ಬಣ್ಣದ ಪೆನ್ಸಿಲು, ಬಟ್ಟೆಗಳಿಂದ ತುಂಬಿ ತುಳುಕುವ ಮಗುವಿನ ಕೋಣೆಯಲ್ಲಿ ಜೀವ ಇದೆಯಲ್ಲ, ಅದು ಹಂಪೆಯಲ್ಲ. ‘ಏನವ್ವಾ ಇದು, ಸಂತಿ ಹಾಸಿದಂಗ ಹಾಸೀದಿ’ ಎಂದು ಬರೆದರೆ ತಾಯಿಯ ದನಿಯೂ ಬರುತ್ತದೆ, ಚಿತ್ರವೂ ಕಣ್ಣಮುಂದೆ ನಿಲ್ಲುತ್ತದೆ.

ಪ್ರಶ್ನೆ: ‘ಫ್ಲೀಪಿಟ್’, ‘ರ‍್ಯಾಟ್ಸ್ ನೆಸ್ಟ್’, ‘ಡಾಗ್ಸ್ ಬ್ರೇಕ್‌ಫಾಸ್ಟ್’ ಇವುಗಳ ಅರ್ಥವನ್ನು ಚುಟುಕಾಗಿ ತಿಳಿಸಿರಿ.
ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ, ಮುದ್ದೇಬಿಹಾಳ

ಉತ್ತರ: ಮೊದಲನೆಯದು ಹಳೆಯ, ಅಗ್ಗದ, ಚಿಗಟ ತುಂಬಿದ ಚಿತ್ರಮಂದಿರ, ನಮ್ಮಲ್ಲಾದರೆ ತಗಣಿ ಕಡಿಯುವ ಕುರ್ಚಿಗಳ ಟಾಕೀಜು. ಎರಡನೆಯದು ಸಿಕ್ಕುಸಿಕ್ಕಾದ ವಸ್ತು, ಮುಖ್ಯವಾಗಿ ಬಿಡಿಸಲಾಗದ ವೈರುಗಳ ಗಂಟು ಅಥವಾ ಬಾಚದ ತಲೆಗೂದಲು. ಇಲ್ಲಿ ನಾವು ಇಲಿಯ ಬದಲು ಗುಬ್ಬಿಯನ್ನು ಕರೆದು ‘ತಲಿ ಗುಬ್ಬಿ ಗೂಡು ಆಗೇದ’ ಎನ್ನುತ್ತೇವೆ. ಮೂರನೆಯದನ್ನು ಜಾಗಕ್ಕಿಂತ ಹೆಚ್ಚಾಗಿ ಕೆಡಿಸಿಟ್ಟ ಕೆಲಸಕ್ಕೆ ಬಳಸುತ್ತಾರೆ, ಪರೀಕ್ಷೆಯಲ್ಲಿ ಇದನ್ನು ಮರೆಯಬೇಡಿರಿ.

ಪ್ರಶ್ನೆ: ಗದ್ದಲದ ತರಗತಿಯನ್ನು ‘ಬೆಡ್‌ಲಮ್’ ಎನ್ನುವುದು ತಪ್ಪೇ? ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು.
ಪ್ರೌಢಶಾಲಾ ಶಿಕ್ಷಕರು, ಬೀಳಗಿ

ಉತ್ತರ: ಅರ್ಥದಲ್ಲಿ ತಪ್ಪಿಲ್ಲ, ಆದರೆ ತಮ್ಮ ಸಹೋದ್ಯೋಗಿಯ ಆಕ್ಷೇಪವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. 1247ರಲ್ಲಿ ಲಂಡನ್ನಿನಲ್ಲಿ ಬೆಥ್ಲೆಹೆಮ್ಮಿನ ಹೆಸರಿನಲ್ಲಿ ಸ್ಥಾಪನೆಯಾದ ಧಾರ್ಮಿಕ ಸಂಸ್ಥೆ ಮುಂದೆ ಮನೋರೋಗಿಗಳ ಆಸ್ಪತ್ರೆಯಾಯಿತು, ಅದರ ಹೆಸರನ್ನು ಜನ ಬಾಯಲ್ಲಿ ಸವೆಸಿ ‘ಬೆಡ್‌ಲಮ್’ ಮಾಡಿದರು. ಒಂದು ಕಾಲಕ್ಕೆ ಲಂಡನ್ನಿನವರು ಅಲ್ಲಿಯ ರೋಗಿಗಳನ್ನು ನೋಡಿ ಮೋಜು ಪಡೆಯಲೆಂದು ಹೋಗುತ್ತಿದ್ದರು. ಆ ನೋವಿನ ಮೇಲೆ ನಿಂತ ಪದವನ್ನು ಮಕ್ಕಳ ಗದ್ದಲಕ್ಕೆ ಬಳಸುವ ಅಗತ್ಯವಿಲ್ಲ.

ಈ ಮಾತನ್ನು ಇಂಗ್ಲಿಷಿಗಷ್ಟೇ ಹೇಳಿ ಬಿಟ್ಟರೆ ನಾನು ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಹೊಲಸಾದ ಜಾಗವನ್ನು ಒಂದು ಸಮುದಾಯದ ಕೇರಿಯ ಹೆಸರು ಹಿಡಿದು ಹೋಲಿಸುವ ಕೆಟ್ಟ ರೂಢಿ ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ಇನ್ನೂ ಇದೆ. ಊರಿನ ಹೊಲಸನ್ನು ತಲೆತಲಾಂತರದಿಂದ ಎತ್ತಿದವರ ಓಣಿಯ ಹೆಸರನ್ನೇ ಹೊಲಸಿನ ಹೆಸರಾಗಿ ಆಡುವುದು ಕ್ರೌರ್ಯ. ಆ ಓಣಿಯಿಂದ ಬಂದ ಮಗು ತಮ್ಮ ತರಗತಿಯಲ್ಲಿಯೂ ಕುಳಿತಿರುತ್ತದೆ. ‘ರಾಡಿ’, ‘ಗಲೀಜು’, ‘ಗಬ್ಬು’, ‘ಕೊಳಚೆ’ ಎಂಬ ಪದಗಳಿರುವಾಗ ಆ ಮಾತು ಶಿಕ್ಷಕರ ಬಾಯಲ್ಲಿ ಬರಲೇಬಾರದು.

ಪ್ರಶ್ನೆ: ಬ್ರಿಟಿಷರು ಹರವಿದ ಕೋಣೆಯನ್ನು ‘ಟಿಪ್’ ಎನ್ನುತ್ತಾರೆಂದು ಓದಿದೆ. ನಮ್ಮ ‘ತಿಪ್ಪೆ’ಯೇ ಅವರಲ್ಲಿ ‘ಟಿಪ್’ ಆಗಿರಬಹುದೇ?
ಬಟ್ಟೆ ವ್ಯಾಪಾರಿ, ಇಳಕಲ್

ಉತ್ತರ: ದನಿ ಹೊಂದುವುದರಿಂದ ಹಾಗೆ ಅನಿಸುವುದು ಸಹಜ, ಆದರೆ ಇದು ಕಾಕತಾಳೀಯ. ‘ಟಿಪ್’ ಎಂದರೆ ವಾಲಿಸು, ಮಗುಚಿಹಾಕು. ಗಾಡಿಯನ್ನು ವಾಲಿಸಿ ಕಸ ಸುರಿಯುವ ಸ್ಥಳ ‘ಟಿಪ್’ ಆಯಿತು. ಓಣಿಗೆ ಬೆಳಿಗ್ಗೆ ಬರುವ ಕಸದ ‘ಟಿಪ್ಪರ್’ನಲ್ಲಿ ಇರುವುದೂ ಅದೇ ಪದ. ಅಮೆರಿಕದವರು ಅದನ್ನೇ ‘ಡಂಪ್’ ಎನ್ನುತ್ತಾರೆ. ‘ತಿಪ್ಪೆ’ಯಾದರೋ ದ್ರಾವಿಡ ಪದ, ತೆಲುಗಿನ ‘ತಿಪ್ಪ’, ತಮಿಳಿನ ‘ತಿಪ್ಪೈ’ ಅದರ ಬಳಗ. ಆ ಬಳಗದಲ್ಲಿ ದಿಬ್ಬ, ರಾಶಿ ಎಂಬ ಅರ್ಥವಿದೆ, ಹೊಲಸು ಎಂಬುದು ಆ ಅರ್ಥದ ಒಂದು ಮಗ್ಗುಲು ಮಾತ್ರ.

ಎರಡು ಪದಗಳ ಬಾಳುವೆಯೂ ಬೇರೆ ಬೇರೆ. ‘ಟಿಪ್’ನಲ್ಲಿ ಬಿದ್ದದ್ದು ಮರಳಿ ಬರುವುದಿಲ್ಲ. ತಿಪ್ಪೆಗೆ ಹಾಕಿದ ಸಗಣಿ, ಕಣಿಕೆಯ ಉಳಿಕೆ, ಒಲೆಯ ಬೂದಿ ಕೊಳೆತು, ಮಳೆಗಾಲಕ್ಕೆ ಮೊದಲು ಚಕ್ಕಡಿಯಲ್ಲಿ ಹೊಲಕ್ಕೆ ಹೋಗಿ, ಜೋಳವಾಗಿ ಮನೆಗೆ ಮರಳುತ್ತದೆ. ಆದ್ದರಿಂದಲೇ ನಮ್ಮವರು ‘ಇದೇನು ಮನಿಯೋ ತಿಪ್ಪಿಯೋ’ ಎಂದು ಬೈಯುತ್ತಿದ್ದರೂ, ತಿಪ್ಪೆಯ ಮೇಲೆ ಮಲಗಿ ಉಪ್ಪರಿಗೆಯ ಕನಸು ಕಂಡನೆಂದು ಗಾದೆ ಹೇಳುತ್ತಿದ್ದರೂ, ದೀಪಾವಳಿಯಲ್ಲಿ ಅನೇಕ ಹಳ್ಳಿಗಳಲ್ಲಿ ಅದೇ ತಿಪ್ಪೆಗೆ ಪೂಜೆ ಮಾಡಿ ದೀಪ ಇಡುತ್ತಾರೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲಿಟ್ಟು ಎತ್ತಿಕೊಂಡು, ಸಾವಿನ ಕಣ್ಣು ಬೀಳದಿರಲೆಂದು ತಿಪ್ಪಣ್ಣ, ತಿಪ್ಪವ್ವ ಎಂದು ಹೆಸರಿಡುತ್ತಿದ್ದರು. ಅಂಥ ಹೆಸರಿನ ಹಿರಿಯರು ಇಳಕಲ್ಲಿನ ಸುತ್ತಮುತ್ತ ತಮಗೂ ಪರಿಚಯವಿರಬಹುದು.

ಹೀಗಾಗಿ ‘ದಿ ರೂಮ್ ಈಸ್ ಎ ಟಿಪ್’ ಎಂಬುದನ್ನು ‘ಖೋಲಿ ತಿಪ್ಪೆಯಾಗಿದೆ’ ಎಂದು ಕನ್ನಡಕ್ಕೆ ತರಲು ಅಡ್ಡಿಯಿಲ್ಲ. ‘ತಿಪ್ಪೆಗೆ ದೀಪ ಇಟ್ಟರು’ ಎಂಬುದನ್ನು ಇಂಗ್ಲಿಷಿಗೆ ಒಯ್ಯುವಾಗ ಮಾತ್ರ ‘ಟಿಪ್’ ಎಂದೂ ‘ಡಂಪ್’ ಎಂದೂ ಬರೆಯಲು ಬರುವುದಿಲ್ಲ. ಹೊಲಕ್ಕೆ ಹೋಗುವ ಗೊಬ್ಬರದ ರಾಶಿಯೆಂದು ಬಿಡಿಸಿಯೇ ಹೇಳಬೇಕಾಗುತ್ತದೆ.